ಮರುಭೂಮಿಯ ಮಕ್ಕಳ ತಾಯಿ: ಸಂತ ಕ್ಯಾಥರೀನ್ ಡ್ರೆಕ್ಸೆಲ್

ಅಮೆರಿಕದ ಅರಿಜೋನಾ ಸಂಸ್ಥಾನದ ಒಣಭೂಮಿಯಲ್ಲಿ ಸೇಂಟ್ ಮೈಕಲ್ಸ್ ಎಂಬ ಚಿಕ್ಕ ಗ್ರಾಮವಿದೆ. ಇದು ನವಾಹೋ ಜನರ ನೆಲೆ. ಕುರಿ ಸಾಕಣೆ ಹಾಗೂ ಉಣ್ಣೆಯ ನೇಯ್ಗೆ ಅವರ ಪರಂಪರಾಗತ ವೃತ್ತಿಗಳು. 1864ರಲ್ಲಿ ಸೇನೆಯು ಈ ಜನರನ್ನು ಸುಮಾರು 300 ಮೈಲಿ ನಡೆಸಿ, ಪರಸ್ಥಳದಲ್ಲಿ ಬಂಧನದಲ್ಲಿರಿಸಿತು. 1868ರ ಒಪ್ಪಂದದಂತೆ ಅವರು ತಾಯ್ನೆಲಕ್ಕೆ ಮರಳಿದರು. ಪ್ರತಿ 30 ಮಕ್ಕಳಿಗೊಂದು ಶಾಲೆ, ಒಬ್ಬ ಉಪಾಧ್ಯಾಯರನ್ನು ಒದಗಿಸುವುದಾಗಿ ಸರಕಾರವು ಅದರಲ್ಲಿ ವಾಗ್ದಾನವಿತ್ತಿತ್ತು. ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಆ ಕೊರತೆಯನ್ನು ತಮ್ಮ ಹೊಣೆಯೆಂದು ಬಗೆದವರು ಕ್ಯಾಥರೀನ್ ಡ್ರೆಕ್ಸೆಲ್.

1858ರ ನವೆಂಬರ್ 26ರಂದು ಫಿಲಡೆಲ್ಫಿಯದ ಆಗರ್ಭ ಶ್ರೀಮಂತ ಮನೆತನದಲ್ಲಿ ಅವರ ಜನನ. ಹೆತ್ತ ತಾಯಿ ಕೆಲವೇ ವಾರಗಳಲ್ಲಿ ತೀರಿಕೊಂಡರು. ಬಡವರಿಗಾಗಿ ಮನೆಯ ಬಾಗಿಲನ್ನು ತೆರೆದಿಟ್ಟಿದ್ದ ಮಲತಾಯಿಯಿಂದ ಬಾಲಕಿ ದಾನದ ಪಾಠ ಕಲಿತಳು. 1885ರಲ್ಲಿ ತಂದೆ ನಿಧನರಾದಾಗ ಅಪಾರ ಆಸ್ತಿಯ ಆದಾಯ ಮೂವರು ಪುತ್ರಿಯರಿಗೆ ಬಂದಿತು. 1887ರಲ್ಲಿ ಅವರು ರೋಮಿನಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳನ್ನು ಕಂಡು, ಅಮೆರಿಕದ ಮೂಲನಿವಾಸಿಗಳ ಸೇವೆಗೆ ಧರ್ಮಪ್ರಚಾರಕರನ್ನು ಕಳುಹಿಸಬೇಕೆಂದು ಬೇಡಿದರು. ತಾವೇ ಏಕೆ ಹೋಗಬಾರದೆಂದು ಜಗದ್ಗುರುಗಳು ಮರುಪ್ರಶ್ನಿಸಿದರು. ಇರುವುದನ್ನು ಕೊಡುವುದು ಬೇರೆ, ತನ್ನನ್ನೇ ಕೊಡುವುದು ಬೇರೆ. ಈ ವಿವೇಕ ಅವರ ಬಾಳನ್ನೇ ತಿರುಗಿಸಿತು. 1889ರಲ್ಲಿ ಕನ್ಯಾಮಠ ಸೇರಿದ ಅವರು, 1891ರಲ್ಲಿ ಮೂಲನಿವಾಸಿಗಳ ಮತ್ತು ಕರಿಯರ ಸೇವೆಗಾಗಿ ಪರಮಪ್ರಸಾದ ಸೋದರಿಯರ ಸಭೆಯನ್ನು ಸ್ಥಾಪಿಸಿದರು.

ಸೇಂಟ್ ಮೈಕಲ್ಸ್‌ನಲ್ಲಿ ನೆಲ ಕೊಂಡವರು ಅವರೇ. ಅವರ ನೆರವಿನಿಂದ 1898ರಲ್ಲಿ ಫ್ರಾನ್ಸಿಸ್ಕನ್ ಗುರುಗಳು ಅಲ್ಲಿಗೆ ಬಂದರು. 1902ರಲ್ಲಿ ವಸತಿಶಾಲೆ ಆರಂಭವಾಯಿತು. ಕಲಿಸಲು ಬಂದ ಗುರುಗಳು ಮೊದಲು ತಾವೇ ಶಿಷ್ಯರಾಗಿ ನವಾಹೋ ನುಡಿಯನ್ನು ಕಲಿತರು; 1910ರಲ್ಲಿ ಅದರ ನಿಘಂಟನ್ನು ಮುದ್ರಿಸಿದರು.

ಆದರೆ ಸತ್ಯವನ್ನು ಮರೆಮಾಚಲಾಗದು. ಆ ಕಾಲದ ವಸತಿಶಾಲೆಗಳ ವ್ಯವಸ್ಥೆಯು ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದಲೂ ತಾಯ್ನುಡಿಯಿಂದಲೂ ಅಗಲಿಸಿತು. ಅಮೆರಿಕದ ಕಥೋಲಿಕ ಬಿಷಪರು 2024ರಲ್ಲಿ ಮೂಲನಿವಾಸಿಗಳ ಕ್ಷಮೆ ಯಾಚಿಸಿದರು. ಉದ್ದೇಶ ಪವಿತ್ರವಾಗಿದ್ದ ಮಾತ್ರಕ್ಕೆ ಪರಿಣಾಮದ ಹೊಣೆ ತಪ್ಪುವುದಿಲ್ಲ. ಸಂತರ ಸ್ಮರಣೆಯೂ ಈ ಆತ್ಮಶೋಧನೆಯನ್ನು ಬೇಡುತ್ತದೆ.

1935ರ ಹೃದಯಾಘಾತದ ನಂತರ ಕ್ಯಾಥರೀನ್ ಸುಮಾರು ಎರಡು ದಶಕ ಪ್ರಾರ್ಥನೆಯಲ್ಲೇ ಕಳೆದರು. 1955ರ ಮಾರ್ಚ್ 3ರಂದು, ತಮ್ಮ 96ನೆಯ ವಯಸ್ಸಿನಲ್ಲಿ ದೈವಾಧೀನರಾದರು. ತಂದೆಯ ಮರಣಶಾಸನದಂತೆ, ಅವರ ಸಭೆಗೆ ಆಸ್ತಿಯ ಆದಾಯವು ಅಂದಿಗೆ ನಿಂತುಹೋಯಿತು. ಹಣದ ಹೊಳೆ ಬತ್ತಿದರೂ ಸೇವೆ ಬತ್ತಲಿಲ್ಲ. ಸೇಂಟ್ ಮೈಕಲ್ಸ್ ಶಾಲೆ ಉಳಿಯಿತು. 2000ದ ಅಕ್ಟೋಬರ್ 1ರಂದು ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ನೆರೆಯವರಿಗೆ ನೀಡುವಾಗ ನಮ್ಮಲ್ಲಿರುವುದನ್ನಷ್ಟೇ ನೋಡದೆ, ಅವರ ಮಾತಿಗೂ ಕಿವಿಗೊಡುವ ವಿನಯವನ್ನು ಈ ತಾಯಿಯ ಬಾಳು ನಮಗೆ ಕಲಿಸಲಿ.