ಐವತ್ತು ವ್ಯಾಟಿನ ಮೇಷ್ಟ್ರು

‘ಆಕಾಶವಾಣಿ’ ಅನ್ನೋ ಹೆಸರು ಡೆಲ್ಲಿಯಿಂದ ನಮಗೆ ಬಂತು ಅಂತ ನಮ್ಮ ಕ್ಯಾಂಪಿನಲ್ಲಿ ಬಹಳ ಜನ ತಿಳಿದಿದ್ದಾರೆ. ನಮ್ಮ ಮೈಸೂರಿನ ನಿಲಯಕ್ಕೆ ಆ ಹೆಸರು ಡೆಲ್ಲಿಗಿಂತ ಇಪ್ಪತ್ತು ವರ್ಷ ಮುಂಚೆಯೇ ಇತ್ತು. ಅದೂ ಒಂದು ವಾಸದ ಮನೆಯಲ್ಲಿ ಶುರುವಾದ ನಿಲಯ. ಮನೆಯ ಹೆಸರು ವಿಠ್ಠಲ ವಿಹಾರ. ಯಜಮಾನರು ಇಂಜಿನಿಯರ್ ಅಲ್ಲ, ವ್ಯಾಪಾರಿಯೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು, ಡಾ. ಎಂ.ವಿ. ಗೋಪಾಲಸ್ವಾಮಿ.

1896ರಲ್ಲಿ ಹುಟ್ಟಿದವರು. ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯನ್ನು ಅಳೆಯೋ ವಿದ್ಯೆಯಲ್ಲಿ ದೊಡ್ಡ ಹೆಸರಾಗಿದ್ದ ಸ್ಪಿಯರ್‌ಮನ್ ಅವರ ಹತ್ತಿರ ಕಲಿತು ಡಾಕ್ಟರೇಟ್ ಪಡೆದರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರು ಇವರೇ. ಇಷ್ಟೇ ಮಾಡಿ ನಿವೃತ್ತರಾಗಿದ್ದರೂ ಅವರ ಹೆಸರು ಉಳೀತಿತ್ತು. ಆದರೆ ಕಾಲೇಜಿನ ಗೋಡೆಯೊಳಗೆ ಹೇಳಿದ ಮಾತು ಎಷ್ಟು ಜನಕ್ಕೆ ಮುಟ್ಟುತ್ತೆ ಹೇಳಿ?

1935ರ ಸೆಪ್ಟೆಂಬರ್ 10ರಂದು ಅವರು ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಶುರುವಿನ ಪ್ರಸಾರದಲ್ಲಿ ಕುವೆಂಪು ಅವರು ಕವಿತೆ ಓದಿದರು. ಸಂಗೀತ, ಭಾಷಣ, ಎಲ್ಲಾ ಅಲ್ಲಿಂದಲೇ. ಅದೇ ಕಾಲೇಜಿನ ನಾ. ಕಸ್ತೂರಿ, ಅಂದರೆ ನಮ್ಮ ಹಾಸ್ಯ ಸಾಹಿತಿ ಕಸ್ತೂರಿಯವರು, ಜೊತೆಗೆ ನಿಂತರು. ‘ಆಕಾಶವಾಣಿ’ ಅಂತ ಹೆಸರಿಟ್ಟವರು ಅವರೇ ಅಂತ ಹೇಳುತ್ತಾರೆ. ಇದನ್ನು ದೇಶದ ಮೊದಲ ಖಾಸಗಿ ರೇಡಿಯೋ ಅಂತ ಕೆಲವರು ಬರೆಯುತ್ತಾರೆ. ಅಭಿಮಾನ ಸರಿ, ಲೆಕ್ಕ ಸರಿಯಲ್ಲ. ಮದ್ರಾಸಿನಲ್ಲಿ 1924ರಲ್ಲೇ ಒಂದು ರೇಡಿಯೋ ಕ್ಲಬ್ 40 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಮಾಡಿತ್ತು, ದುಡ್ಡಿಲ್ಲದೆ 1927ರಲ್ಲಿ ನಿಂತೂ ಹೋಗಿತ್ತು. ಅದೇ ವರ್ಷ ಬೊಂಬಾಯಿ, ಕಲ್ಕತ್ತಾದಲ್ಲಿ ಒಂದು ಕಂಪನಿ ಒಂದೂವರೆ ಕಿಲೋವ್ಯಾಟಿನ ಎರಡು ದೊಡ್ಡ ನಿಲಯ ತೆರೆಯಿತು. ಅದೂ 1930ರಲ್ಲಿ ಮುಚ್ಚಿತು, ಆಮೇಲೆ ಸರ್ಕಾರ ಕೈಗೆ ತೆಗೆದುಕೊಂಡಿತು. ಇಷ್ಟೆಲ್ಲಾ ನೋಡಿದ ಮೇಲೂ ಒಬ್ಬ ಮೇಷ್ಟ್ರು ಸಂಬಳದ ದುಡ್ಡು ಹಾಕಿ ರೇಡಿಯೋ ಶುರು ಮಾಡಿದರಲ್ಲ, ನನಗೆ ದೊಡ್ಡದು ಅನ್ನಿಸೋದು ಅದು.

ಅವರ ಮೊದಲ ಟ್ರಾನ್ಸ್‌ಮಿಟರ್ 50 ವ್ಯಾಟಿಗೆ ಮೀರಿದ್ದಲ್ಲ. ನಮ್ಮ ರೂಮಿನ ಸೀಲಿಂಗ್ ಫ್ಯಾನ್ ಕೂಡ ಅಷ್ಟು ತಿನ್ನುತ್ತೆ. ಅಷ್ಟರಲ್ಲಿ ಊರಿಗೆಲ್ಲಾ ಕೇಳಿಸೋದು ಹೇಗೆ? ನಮ್ಮ ಲೈನಿನವರಿಗೆ ಇದು ಸ್ವಾರಸ್ಯದ ವಿಷಯ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಟ್ರಾನ್ಸ್‌ಮಿಟರಿನಲ್ಲಿ ಕೊನೆಗೆ ಇರೋದು ಪವರ್ ಆಂಪ್ಲಿಫೈಯರ್. ಆಂಟೆನಾಗೆ ಶಕ್ತಿ ತಳ್ಳೋದು ಅದು. ಆ ಕಾಲದಲ್ಲಿ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ, ಗಾಜಿನ ವಾಲ್ವ್‌ಗಳು. ವಾಲ್ವಿನಲ್ಲಿ ಕರೆಂಟನ್ನು ಇಡೀ ಹೊತ್ತು ಹರಿಯಲು ಬಿಟ್ಟರೆ, ಅದಕ್ಕೆ ಕ್ಲಾಸ್ ಎ ಅಂತಾರೆ, ಹಾಕಿದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಂದೂ ಹೊರಗೆ ಬರೋದಿಲ್ಲ. ಉಳಿದದ್ದು ಬಿಸಿಯಾಗಿ ವಾಲ್ವನ್ನೇ ಸುಡುತ್ತೆ. ಕ್ಲಾಸ್ ಸಿ ಅನ್ನೋದು ಬೇರೆ ಉಪಾಯ. ತೊಟ್ಟಿಲು ತೂಗೋ ತಾಯಿ ಕೈಯನ್ನು ಇಡೀ ಹೊತ್ತು ತೊಟ್ಟಿಲ ಮೇಲೆ ಇಟ್ಟಿರ್ತಾಳಾ? ಹತ್ತಿರ ಬಂದಾಗ ಒಂದು ಸಲ ತಳ್ಳುತ್ತಾಳೆ, ಉಳಿದ ತೂಗು ಅದರಷ್ಟಕ್ಕೆ ಆಗುತ್ತೆ. ಹಾಗೇ ವಾಲ್ವ್ ಒಂದು ಸುತ್ತಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಕರೆಂಟ್ ಬಿಡುತ್ತೆ, ಪಕ್ಕದ ಕಾಯಿಲ್ ಮತ್ತು ಕೆಪಾಸಿಟರ್ ಸೇರಿ ಅಲೆಯನ್ನು ಪೂರ್ತಿ ಮಾಡುತ್ತವೆ. ನೂರಕ್ಕೆ ಎಪ್ಪತ್ತು ಭಾಗ ಹೊರಗೆ ಬರುತ್ತೆ ಅಂತ ಇಟ್ಟುಕೊಂಡರೆ, 50 ವ್ಯಾಟ್ ಕಳಿಸೋಕೆ 71 ವ್ಯಾಟ್ ಸಾಕು, ಬಿಸಿಯಾಗೋದು 21. ಅದೇ ಮೂವತ್ತು ಭಾಗ ಬರೋ ಸರ್ಕ್ಯೂಟ್ ಆದರೆ 167 ವ್ಯಾಟ್ ಬೇಕು, 117 ಬರೀ ಬಿಸಿ.

ಬಿಸಿ ಅಂದರೆ ಏನು ಅಂತ ನಮಗೆ ಹೇಳಬೇಕಾ? ಇಲ್ಲಿನ ಟವರುಗಳ ಬೇಸ್‌ಮೆಂಟಿನಲ್ಲಿ ಮೊಬೈಲ್ ಸಿಗ್ನಲ್ ಹಂಚೋ ಪೆಟ್ಟಿಗೆಗಳು ಇರ್ತಾವಲ್ಲ, ಅವುಗಳೊಳಗೂ ಇದೇ ಪವರ್ ಆಂಪ್ಲಿಫೈಯರ್. ಆಗಸ್ಟಿನಲ್ಲಿ ಆ ರೂಮಿನ ಏಸಿ ನಿಂತರೆ ಆತಂಕ ಮೊದಲು ಅದಕ್ಕೇ. ಆಂಟೆನಾ ಕೇಬಲ್ಲಿನ ಕನೆಕ್ಟರ್ ಸಡಿಲವಾದರೂ ಅಷ್ಟೇ. ಹೋಗಬೇಕಾದ ಶಕ್ತಿ ವಾಪಸ್ ಬಂದು ಕೊನೇ ಹಂತವನ್ನೇ ಹೊಡೆಯುತ್ತೆ. ಇನ್ನೊಂದು ಮಾತು: ಹಳೇ ಎಎಂ ರೇಡಿಯೋದಲ್ಲಿ ಹಾಡುಗಾರ ಮೇಲಿನ ಸ್ವರ ಎತ್ತಿದ ಕ್ಷಣಕ್ಕೆ ಶಕ್ತಿ ನಾಲ್ಕು ಪಟ್ಟು ಏರಬಹುದು. 50 ವ್ಯಾಟಿನದು 200 ತಡೀಬೇಕು. ಕಚೇರಿ ನಡುವೆ ವಾಲ್ವ್ ಸುಟ್ಟರೆ ಬದಲಿ ತರೋಕೆ ಪಕ್ಕದ ಬೀದಿಯಲ್ಲಿ ಅಂಗಡಿಯೂ ಇರಲಿಲ್ಲ.

ಆಂಟೆನಾದ ಕಷ್ಟ ಬೇರೆ. ಸಾವಿರ ಕಿಲೋಸೈಕಲ್ ಸುಮಾರಿನ ಮೀಡಿಯಂ ವೇವ್‌ಗೆ ಕಾಲು ಅಲೆಯ ಕಂಬ ಅಂದರೆ 75 ಮೀಟರ್. ವಾಸದ ಮನೆ ಮೇಲೆ ಅದನ್ನು ನಿಲ್ಲಿಸೋಕಾಗುತ್ತಾ? ತಂತಿ ಗಿಡ್ಡವಾದಷ್ಟೂ ಅರ್ಥಿಂಗ್ ಗಟ್ಟಿ ಇರಬೇಕು, ಇಲ್ಲದಿದ್ದರೆ ಶಕ್ತಿ ಮಣ್ಣಿನಲ್ಲೇ ಕರಗುತ್ತೆ.

ಮುಂದೆ ಗೋಪಾಲಸ್ವಾಮಿಯವರು 250 ವ್ಯಾಟಿನ ಟ್ರಾನ್ಸ್‌ಮಿಟರ್ ತರಿಸಿದರು. ಐದು ಪಟ್ಟು ಶಕ್ತಿ ಅಂದರೆ ಐದು ಪಟ್ಟು ದೂರ ಅಂತ ಲೆಕ್ಕ ಹಾಕಬೇಡಿ. ಕೇಳುವವನ ಆಂಟೆನಾದಲ್ಲಿ ಸಿಗ್ನಲ್ ಎರಡು ಕಾಲು ಪಟ್ಟು ಸಹ ಆಗಲಿಲ್ಲ. ಖರ್ಚು ಮಾತ್ರ ಸರಿಯಾಗಿ ಏರಿರಬೇಕು. ದಿನಾ ಸಂಜೆ ಹಾಡುವವರನ್ನು ಕರೆಸಬೇಕು, ಯಂತ್ರ ನಡೀಬೇಕು, ಬೆಳಗ್ಗೆ ಕಾಲೇಜಿನಲ್ಲಿ ಪಾಠ ತಪ್ಪಬಾರದು. ಜನರ ನೆರವು, ಪುರಸಭೆಯ ನೆರವು ಬಂತು, ಆದರೂ ಮನೆಯಿಂದ ನಡೆಸೋ ಕೆಲಸಕ್ಕೆ ಒಂದು ಮಿತಿ ಇದೆ. 1942ರ ಜನವರಿಯಲ್ಲಿ ಮೈಸೂರು ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಆರು ವರ್ಷದ ಮೇಲೆ ಅವರು ಎಳೆದಿದ್ದರು. ಮದ್ರಾಸಿನ ಕ್ಲಬ್ ಮೂರು ವರ್ಷಕ್ಕೆ ನಿಂತಿದ್ದು ನೆನಪಿರಲಿ. ಬಿಟ್ಟುಕೊಟ್ಟರಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ನನ್ನ ಪ್ರಕಾರ ಅವರು ಮಾಡಿದ್ದೇ ಸರಿ. ಬಿಟ್ಟುಕೊಡದಿದ್ದರೆ ಇದೂ ಮದ್ರಾಸಿನ ದಾರಿ ಹಿಡೀತಿತ್ತು.

1950ರಲ್ಲಿ ನಿಲಯ ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು, ಮೈಸೂರು ಮೌನವಾಯಿತು. ಗೋಪಾಲಸ್ವಾಮಿಯವರು ತೀರಿಕೊಂಡಿದ್ದು 1957ರಲ್ಲಿ. ಅವರ ಮನೆಯ ರೇಡಿಯೋ ಹೆಸರು ದೇಶದ ರೇಡಿಯೋಗೆಲ್ಲಾ ಆಗಿದ್ದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ.

ಮೈಸೂರಿನಲ್ಲಿ ಮತ್ತೆ ನಿಲಯ ಶುರುವಾಗಿದ್ದು 1974ರಲ್ಲಿ, ಯಾದವಗಿರಿಯಲ್ಲಿ. ರಜೆಗೆ ಹೋದಾಗ ಆ ಕಡೆ ಬಸ್ಸು ಹೋದರೆ ಕಿಟಕಿಯಿಂದ ನೋಡಿ. ಅಲ್ಲಿಂದ ವಿಠ್ಠಲ ವಿಹಾರಕ್ಕೆ ಇನ್ನೂರು ಗಜ ದೂರ.