ಹತ್ತು ಗೋಲು ಹೊಡೆಸಿಕೊಂಡ ತಂಡದ ಮೇಷ್ಟ್ರು
(ಸಯ್ಯದ್ ಅಬ್ದುಲ್ ರಹೀಂ: 1909–1963)



ಸೋಲೋ ಟೀಮನ್ನ ಕಂಡ್ರೆ ಎಲ್ಲರಿಗೂ ನಗು. ಇನ್ನೆರಡು ಸಲ ಸೋತ್ರೆ ಇಂಥ ಕೆಟ್ಟ ಟೀಮು ಹಿಂದೆ ಇರಲಿಲ್ಲ, ಮುಂದೆ ಬರಲ್ಲ ಅಂತ ಹೇಳಿಬಿಡ್ತೀವಿ. ನಮ್ಮ ದೇಶದ ಫುಟ್‌ಬಾಲ್ ತಂಡಕ್ಕೂ ಒಂದು ಕಾಲದಲ್ಲಿ ಅಂಥ ಹೆಸರು ಬರೋದ್ರಲ್ಲಿತ್ತು. ಅದು ಉಳಿಯದ ಹಾಗೆ ಮಾಡಿದವರು ಒಬ್ಬ ಶಾಲಾ ಮೇಷ್ಟ್ರು. ಅವರೇ ರಹೀಂ ಸಾಹೇಬರು.

ರಹೀಂ ಅವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಅದು ನಿಜಾಮರ ಕಾಲ. ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಶಾಲೆಗಳಲ್ಲಿ ಪಾಠ ಹೇಳಿದರು. ಆಮೇಲೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿ ಆಟದ ಮೇಷ್ಟ್ರೂ ಆದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತರಬೇತು ಮಾಡಿದರು. ಆ ತಂಡ 1950ರಿಂದ 1954ರವರೆಗೆ ಸತತ 5 ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು.

ಅವರು ಕಲಿಸೋ ರೀತಿಯೇ ಬೇರೆ. ಚೆಂಡನ್ನ ಒಬ್ಬನೇ ಇಟ್ಟುಕೊಂಡು ಓಡೋ ಹಾಗಿಲ್ಲ, ತಕ್ಷಣ ಪಾಸ್ ಕೊಡಬೇಕು ಅಂತ ಒಂದು ಪಂದ್ಯಾವಳಿ. ರೂಢಿಯಿಲ್ಲದ ಕಾಲಿನಲ್ಲೇ ಒದೀಬೇಕು ಅಂತ ಇನ್ನೊಂದು. ಆಟಗಾರನ ಕೊರತೆ ಎಲ್ಲಿದೆಯೋ ಅಲ್ಲೇ ಅಭ್ಯಾಸ!

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ರಹೀಂ ಅವರ ಭಾರತ ತಂಡ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಎಲ್ಲರೂ ಕುಣಿದರು. ಆದರೆ ಮುಂದಿನ ವರ್ಷವೇ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಾವು ಹೊಡೆದದ್ದು ಒಂದೇ ಒಂದು. ಆ ಒಂದನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್.

ಯಾಕೆ ಹೀಗಾಯ್ತು? ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಅಲ್ಲಿಯ ಚಳಿ ಬೇರೆ. ಆಷಾಢದ ಮಳೇಲಿ ಮಲ್ಲಂದೂರಿನ ಕೆಸರಲ್ಲಿ ಬರಿಗಾಲಲ್ಲಿ ಓಡಿದವರಿಗೆ ಅದರ ಕಷ್ಟ ಗೊತ್ತು. ಜೊತೆಗೆ ನಮ್ಮ ದೇಶದಲ್ಲಿ ಆಗ ಪಂದ್ಯ ಅಂದ್ರೆ 70 ನಿಮಿಷ, ಅಲ್ಲಿ 90. ಇದಾದ ಮೇಲೆ ಬೂಟು ಕಡ್ಡಾಯವಾಯಿತು.

ಬೂಟು ಹಾಕಿದ ಕೂಡಲೇ ಗೆದ್ದರಾ? ಇಲ್ಲ. 1954ರ ಮನಿಲಾ ಏಷ್ಯನ್ ಗೇಮ್ಸ್‌ಗೆ ರಹೀಂ ಕೋಚ್ ಆಗಿರಲಿಲ್ಲ. ಭಾರತ ಮೊದಲ ಸುತ್ತಿನಲ್ಲೇ ಹೊರಬಿತ್ತು. 1955ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ತಂಡ 11-1ರಿಂದ ಸೋಲಿಸಿತು. ಹೆಲ್ಸಿಂಕಿಗಿಂತಲೂ ದೊಡ್ಡ ಸೋಲು! ಇನ್ನು ಈ ತಂಡ ಮುಗೀತು ಅಂತ ಯಾರಿಗಾದರೂ ಅನ್ನಿಸುವಂಥ ಹೊತ್ತು ಅದು.

ಮಾರನೇ ವರ್ಷ, 1956ರಲ್ಲಿ, ರಹೀಂ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ತಂಡ ಕರೆದುಕೊಂಡು ಹೋದರು. ಅದರಲ್ಲಿ ಮೈಸೂರು ರಾಜ್ಯದ ಕೆಂಪಯ್ಯ ಕೂಡ ಇದ್ದರು. ಹಂಗೇರಿ ಬಾರದೇ ಇದ್ದದ್ದರಿಂದ ಮೊದಲ ಸುತ್ತು ಆಡದೆಯೇ ದಾಟಿತು. ಅದು ಅದೃಷ್ಟ, ನಿಜ. ಆದರೆ ಮುಂದಿನದು ಆಟ. ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜಾ 3 ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಎದುರಿಗೆ ಬಂದದ್ದು ಮತ್ತೆ ಅದೇ ಯುಗೊಸ್ಲಾವಿಯ. ಈ ಸಲವೂ ಸೋತೆವು, ಆದರೆ 4-1. ಹತ್ತಿದ್ದದ್ದು ನಾಲ್ಕಾಯಿತು. ಕೊನೆಗೆ ನಾಲ್ಕನೇ ಸ್ಥಾನ. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ನಮ್ಮದೇ.

1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್. ಆಗಲೇ ರಹೀಂ ಅವರಿಗೆ ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ರಕ್ಷಣೆ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಏಟು ಬಿದ್ದು ಹೊಲಿಗೆ ಹಾಕಿದ್ದರು. ರಹೀಂ ಅವರನ್ನು ಮನೆಗೆ ಕಳಿಸಲಿಲ್ಲ, ಮುಂದಿನ ಸಾಲಿಗೆ ತಂದು ನಿಲ್ಲಿಸಿದರು! ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಕೊರಿಯಾ. ತುಂಬಿದ ಮೈದಾನದ ಜನವೆಲ್ಲ ನಮಗೆ ವಿರುದ್ಧ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದು 2-1ರಿಂದ ಚಿನ್ನ ತಂದರು. ಆಮೇಲೆ ಇವತ್ತಿನವರೆಗೂ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ನಮಗೆ ಸಿಕ್ಕಿಲ್ಲ.

1963ರ ಜೂನ್ 11ರಂದು ರಹೀಂ ಸಾಹೇಬರು ತೀರಿಕೊಂಡರು. ವಯಸ್ಸು ಕೇವಲ 53.

ಗೆಳೆಯರೇ, ಆ 10-1, 11-1 ಲೆಕ್ಕಗಳನ್ನ ಯಾರೂ ಅಳಿಸಿಲ್ಲ, ಪುಸ್ತಕದಲ್ಲಿ ಇವತ್ತಿಗೂ ಇವೆ. ಆದ್ರೂ ಆ ತಂಡವನ್ನ ಯಾರೂ ಕೆಟ್ಟ ತಂಡ ಅನ್ನಲ್ಲ. ಯಾಕಂದ್ರೆ ಸೋತ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಕಾಲಲ್ಲಿ ಏನಿಲ್ಲ, ಉಸಿರು ಎಲ್ಲಿ ಸಾಲಲ್ಲ, ಪಾಸ್ ಎಲ್ಲಿ ತಪ್ಪುತ್ತೆ ಅಂತ ಒಂದೊಂದೇ ಹುಡುಕಿ ಸರಿಮಾಡಿಕೊಂಡರು. ಕನ್ನಡಿಯಂಥ ಒಬ್ಬ ಮೇಷ್ಟ್ರು ಜೊತೆಗಿದ್ದರು. ಸೋತ ತಂಡಕ್ಕೆ ನಗುವವರು ಬೇಕಾದಷ್ಟು ಸಿಗ್ತಾರೆ. ಬೇಕಾಗಿರೋದು ಅಂಥ ಮೇಷ್ಟ್ರು.