ಮೊದಲು ಭಾಷೆ, ಆಮೇಲೆ ಕಥೆ: ಜೆ.ಆರ್.ಆರ್. ಟೋಲ್ಕಿನ್

ಲಾರ್ಡ್ ಆಫ್ ದಿ ರಿಂಗ್ಸ್ ಸಿನಿಮಾವನ್ನು ಹಾಸ್ಟೆಲ್‌ನಲ್ಲಿ ನೋಡದವರು ಕಡಿಮೆ. ಅದರಲ್ಲಿ ಎಲ್ಫ್‌ಗಳು ಮಾತಾಡುವ ಭಾಷೆ ಸುಮ್ಮನೆ ಬಾಯಿಗೆ ಬಂದ ಶಬ್ದಗಳು ಅಂತ ನಾವು ಅಂದ್ಕೊಂಡಿದ್ವಿ. ಅಲ್ಲ ಗೆಳೆಯರೇ. ಅದಕ್ಕೆ ವಿಭಕ್ತಿ ಇದೆ, ಸಂಧಿ ಇದೆ, ಸಾವಿರಾರು ವರ್ಷಗಳ ಕಲ್ಪಿತ ಇತಿಹಾಸವೂ ಇದೆ. ಅದನ್ನು ಕಟ್ಟಿದ ಟೋಲ್ಕಿನ್ ಅವರ ಬದುಕನ್ನು ಇಲ್ಲಿ ಚಿಕ್ಕದಾಗಿ ಹೇಳ್ತೀವಿ.

ಅವರು ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ. ತಂದೆ ಅಲ್ಲಿ ಬ್ಯಾಂಕ್ ಮ್ಯಾನೇಜರ್. ಹುಡುಗನಿಗೆ ನಾಲ್ಕು ವರ್ಷ ಆದಾಗ ತಂದೆ ತೀರಿಹೋದರು. ತಾಯಿ ಮೇಬಲ್ ಇಬ್ಬರು ಗಂಡುಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಡತನದಲ್ಲೇ ಸಾಕಿದರು. ಲ್ಯಾಟಿನ್ ಭಾಷೆಯ ಮೊದಲ ಪಾಠ ಹೇಳಿಕೊಟ್ಟದ್ದೂ ಅವರೇ. 1904ರಲ್ಲಿ ಸಕ್ಕರೆ ಕಾಯಿಲೆಯಿಂದ ಅವರೂ ಹೋದರು. ಆಗ ಇನ್ಸುಲಿನ್ ಇನ್ನೂ ಬಂದಿರಲಿಲ್ಲ. ಟೋಲ್ಕಿನ್‌ಗೆ ಹನ್ನೆರಡು ವರ್ಷ.

ಮಕ್ಕಳು ಗುಟ್ಟಿನ ಭಾಷೆ ಮಾಡಿಕೊಳ್ಳೋದು ಎಲ್ಲ ಊರಲ್ಲೂ ಇದೆ. ನಾವೂ ಪ್ರತಿ ಅಕ್ಷರಕ್ಕೆ ಇನ್ನೊಂದು ಅಕ್ಷರ ಸೇರಿಸಿ ಮಾತಾಡಿದವರೇ. ಅವರ ಸೋದರ ಸಂಬಂಧಿಗಳೂ ಹಾಗೆ ಆಡುತ್ತಿದ್ದರು. ಉಳಿದವರು ದೊಡ್ಡವರಾಗ್ತಾ ಬಿಟ್ಟರು, ಇವರು ಬಿಡಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಫಿನ್ನಿಷ್ ವ್ಯಾಕರಣದ ಪುಸ್ತಕ ಕೈಗೆ ಸಿಕ್ಕಿತು. ಅದರ ನಾದಕ್ಕೆ ಮನಸೋತು, 1915ರ ಹೊತ್ತಿಗೆ ಕ್ವೆನ್ಯಾ ಎಂಬ ಭಾಷೆಯ ಶಬ್ದಕೋಶ ಬರೆಯತೊಡಗಿದರು.

ಮುಂದಿನ ವರ್ಷ ಎಡಿತ್ ಜೊತೆ ಮದುವೆ. ಕೆಲವೇ ತಿಂಗಳಲ್ಲಿ ಫ್ರಾನ್ಸಿನ ಸೋಮ್ ಯುದ್ಧಭೂಮಿ. ಶಾಲೆಯಿಂದ ಜೊತೆಗಿದ್ದ ನಾಲ್ವರು ಆಪ್ತ ಗೆಳೆಯರಲ್ಲಿ ಇಬ್ಬರು ಆ ವರ್ಷವೇ ಸತ್ತರು. ಕಂದಕದ ಜ್ವರ ಹಿಡಿದು ವಾಪಸ್ ಬಂದ ಟೋಲ್ಕಿನ್ ಕಥೆಗಳನ್ನು ಬರೆಯಲು ಕೂತರು. ಭಾಷೆ ಇತ್ತು, ಅದನ್ನಾಡುವ ಜನ ಇರಲಿಲ್ಲ. ಆ ಜನರನ್ನು, ಅವರ ನಾಡನ್ನು ಕಥೆ ಹುಟ್ಟಿಸಿತು.

ಈಗ ವ್ಯಾಕರಣಕ್ಕೆ ಬರೋಣ. ಕ್ವೆನ್ಯಾದಲ್ಲಿ ಕಿರ್ಯಾ ಅಂದ್ರೆ ಹಡಗು. ಹಡಗಿಗೆ ಅನ್ನಲು ಕಿರ್ಯನ್ನಾ, ಹಡಗಿನಲ್ಲಿ ಅನ್ನಲು ಕಿರ್ಯಸ್ಸೆ, ಹಡಗಿನಿಂದ ಅನ್ನಲು ಕಿರ್ಯಲ್ಲೋ. ಇಂಗ್ಲಿಷ್‌ನ ಹಾಗೆ ಶಬ್ದದ ಮುಂದೆ ಬೇರೆ ಪದ ಇಡೋದಿಲ್ಲ, ನಮ್ಮ ಹಾಗೆ ಹಿಂದೆ ಪ್ರತ್ಯಯ ಅಂಟಿಸುತ್ತದೆ. ಕೊನೆಯದನ್ನು ನಮ್ಮ ‘ಅಲ್ಲಿ’ ಅಂದುಕೊಂಡು ಮೋಸ ಹೋಗಬೇಡ್ರಿ, ನಾವು ಹೋಗಿದ್ವಿ.

ಎರಡನೆಯ ಭಾಷೆ ಸಿಂಡರಿನ್. ಇದಕ್ಕೆ ಮಾದರಿ ವೆಲ್ಶ್. ಕ್ವೆನ್ಯಾದಲ್ಲಿ ಮರಕ್ಕೆ ಆಲ್ದಾ, ಸಿಂಡರಿನ್‌ನಲ್ಲಿ ಗಲಧ್. ಎರಡಕ್ಕೂ ಒಂದೇ ಬೇರು. ಹಳಗನ್ನಡದ ಪಾಲು ನಮ್ಮಲ್ಲಿ ಹಾಲು ಆದ ಹಾಗೆ, ಯಾವ ಕಾಲದಲ್ಲಿ ಯಾವ ಧ್ವನಿ ಬದಲಾಯಿತು ಅಂತ ಅವರು ನಿಯಮ ಬರೆದಿಟ್ಟರು. ಸಿಂಡರಿನ್‌ನ ಸಮಾಸಗಳಲ್ಲಿ ಕ, ತ, ಪ ಹೋಗಿ ಗ, ದ, ಬ ಬರುತ್ತವೆ. ಎಲ್ಲೋ ಕೇಳಿದ ಹಾಗಿದೆಯಾ? ನಮ್ಮ ಆದೇಶ ಸಂಧಿ! ಕಣ್ ಮತ್ತು ಪನಿ ಸೇರಿ ಕಂಬನಿ ಆಗುತ್ತದಲ್ಲ, ಅಲ್ಲಿ ಕೆಲೆಬ್ರಿನ್ (ಬೆಳ್ಳಿಯ) ಮತ್ತು ಪೌರ್ (ಮುಷ್ಟಿ) ಸೇರಿ ಕೆಲೆಬ್ರಿಂಬೋರ್ ಎಂಬ ಹೆಸರಾಗುತ್ತದೆ. ಶಾಲೆಯಲ್ಲಿ ಎರಡು ಮಾರ್ಕಿಗಾಗಿ ಬಾಯಿಪಾಠ ಮಾಡಿದ ಸಂಧಿ ಎಂಥ ಚೆಂದದ ಯಂತ್ರ ಅಂತ ನಮಗೆ ತಿಳಿದದ್ದು ಇಲ್ಲಿ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ.

ಯುದ್ಧದ ನಂತರ ಅವರು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಡಬ್ಲ್ಯೂ ಅಕ್ಷರದ ಪದಗಳ ಮೇಲೆ ದುಡಿದರು. ಲೀಡ್ಸ್‌ನಲ್ಲಿ ಪಾಠ ಹೇಳಿ 1925ರಲ್ಲಿ ಆಕ್ಸ್‌ಫರ್ಡ್ ಪ್ರಾಧ್ಯಾಪಕರಾದರು. 1931ರಲ್ಲಿ ತಮ್ಮ ಈ ಗುಟ್ಟಿನ ಚಟದ ಬಗ್ಗೆ ಉಪನ್ಯಾಸವನ್ನೇ ಕೊಟ್ಟರು. 1937ರಲ್ಲಿ ದಿ ಹಾಬಿಟ್, 1954-55ರಲ್ಲಿ ಲಾರ್ಡ್ ಆಫ್ ದಿ ರಿಂಗ್ಸ್ ಬಂದವು. ಆದರೆ ಭಾಷೆ ಮಾತ್ರ ಮುಗಿಯಲೇ ಇಲ್ಲ. ಸರ್ವನಾಮ ಬದಲಿಸೋದು, ಬೇರುಗಳನ್ನು ತಿದ್ದೋದು ಕೊನೆತನಕ ನಡೆದೇ ಇತ್ತು. ನಮ್ಮ ಮಾತಲ್ಲಿ ಹೇಳೋದಾದರೆ ಫೈನಲ್ ವರ್ಶನ್ ಇಲ್ಲದ ಪ್ರಾಜೆಕ್ಟ್. 1971ರಲ್ಲಿ ಎಡಿತ್ ತೀರಿಕೊಂಡರು, 1973ರ ಸೆಪ್ಟೆಂಬರ್ 2ರಂದು ಟೋಲ್ಕಿನ್. ಸಮಾಧಿಯ ಮೇಲೆ ಇಬ್ಬರ ಹೆಸರಿನ ಕೆಳಗೂ ಅವರ ಕಥೆಯ ಪ್ರೇಮಿಗಳ ಹೆಸರಿವೆ: ಲೂಥಿಯೆನ್, ಬೆರೆನ್.

ನಮ್ಮ ಊರು ರಾಯಬಾಗ ತಾಲೂಕಿನ ದಿಗ್ಗೇವಾಡಿ. ನಮ್ಮ ಮನೆಯಲ್ಲಿ ಆಯಿ ಅಂದ್ರೆ ಅಜ್ಜಿ. ಅದೇ ಪದ ಮರಾಠಿಯವರಿಗೆ ತಾಯಿ. ಖೋಲಿ, ಪಗಾರ ಇಂಥ ಪದಗಳು ಎರಡೂ ಭಾಷೆಗಳಲ್ಲಿ ಓಡಾಡುತ್ತವೆ. ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದ ನಮಗೆ ಆಯಿಯ ಮಾತಿನಲ್ಲಿ ಎಷ್ಟೋ ಪದ ಈಗ ತಿಳಿಯೋದಿಲ್ಲ. ಕೇಳಿದರೆ ಅವರು ನಗ್ತಾರೆ, ನಾವೂ ನಕ್ಕು ಸುಮ್ಮನಾಗ್ತೀವಿ. ಇಲ್ಲದ ಜನರ ಭಾಷೆಗೆ ಒಬ್ಬರು ಸುಮಾರು ಅರವತ್ತು ವರ್ಷ ಕೊಟ್ಟರು. ಇರುವ ಆಯಿಯ ಭಾಷೆಗೆ ಒಂದು ನೋಟ್‌ಬುಕ್ ಕೊಡೋದು ನಮ್ಮಿಂದ ಆಗದಾ? ಈ ಸೆಮ್ ಮುಗಿದ ಮೇಲೆ ಊರಿಗೆ ಹೋದಾಗ ಬರೆದುಕೊಳ್ಳೋಕೆ ಶುರು ಮಾಡ್ತೀವಿ. ನೀವೂ ನಿಮ್ಮ ಮನೆಯದು ಬರೀರಿ, ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.